ತಾರಸಿಯ ತಾಪವನ್ನು ಗಣಕದಲ್ಲಿ ಲೆಕ್ಕ ಹಾಕುವ ಬಗೆ

ಕಲಬುರಗಿ, ರಾಯಚೂರು ಕಡೆಯ ಆರ್‌ಸಿಸಿ ಮನೆಗಳಲ್ಲಿ ಏಪ್ರಿಲ್–ಮೇ ತಿಂಗಳಿನ ಸಂಜೆ ಬಿಸಿಲು ಇಳಿದ ಮೇಲೂ ತಾರಸಿಯ ಕೆಳಗೆ ಕೂರಲಾಗುವುದಿಲ್ಲ. ನಡುಹಗಲ ಬಿಸಿಲು ಒಳಮೈಗೆ ತಲುಪಲು ಎಷ್ಟು ಹೊತ್ತು ಹಿಡಿಯುತ್ತದೆ, ತಾರಸಿಗೆ ಬಿಳಿ ಬಣ್ಣ ಬಳಿದರೆ ಎಷ್ಟು ಡಿಗ್ರಿ ಇಳಿಯುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಸಿಮ್ಯುಲೇಶನ್ ಮೂಲಕ, ಅಂದರೆ ಶಾಖದ ಹರಿವನ್ನು ಗಣಕದಲ್ಲಿ ಅಂಕಿಗಳಿಂದ ಅನುಕರಿಸಿ, ಉತ್ತರ ಪಡೆಯುವ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ. ಇದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. ಎಕ್ಸೆಲ್, ಲಿಬ್ರೆಆಫೀಸ್ ಕ್ಯಾಲ್ಕ್ ಅಥವಾ ಪೈಥಾನ್ ಇವುಗಳಲ್ಲಿ ಯಾವುದಾದರೂ ಒಂದು ಬಂದರೆ ಸಾಕು. ಆದರೆ ಪ್ರಶ್ನೆಯನ್ನು ಮೊದಲು ಹೀಗೆ ಖಚಿತವಾಗಿ ಬರೆದುಕೊಳ್ಳಲೇಬೇಕು, ಏಕೆಂದರೆ ಮಾದರಿಯಲ್ಲಿ ಏನಿರಬೇಕು, ಯಾವುದನ್ನು ಬಿಡಬಹುದು ಎಂಬುದನ್ನು ತೀರ್ಮಾನಿಸುವುದು ಆ ಪ್ರಶ್ನೆಯೇ.

ತಾರಸಿಯ ಉದ್ದಗಲ ಹಲವು ಮೀಟರ್, ದಪ್ಪ ಮಾತ್ರ 15 ಸೆಂಟಿಮೀಟರ್ ಇರುವುದರಿಂದ ಶಾಖವು ಮೇಲಿನಿಂದ ಕೆಳಕ್ಕೆ ಮಾತ್ರ ಹರಿಯುತ್ತದೆ ಎಂದು ಭಾವಿಸಿದರೆ ದೊಡ್ಡ ತಪ್ಪಾಗದು. ಗೋಡೆಯಂಚಿನಲ್ಲಿ, ತೊಲೆಗಳ ಬಳಿ ಈ ಊಹೆ ಕೆಡುತ್ತದೆ; ನಮ್ಮ ಪ್ರಶ್ನೆ ಕೋಣೆಯ ನಡುಭಾಗದ್ದಾದ್ದರಿಂದ ಅದನ್ನು ಕೈಬಿಡಬಹುದು. ಕಾಂಕ್ರೀಟಿನ ಉಷ್ಣವಾಹಕತೆಯನ್ನು 1.6 ವ್ಯಾಟ್ ಪ್ರತಿ ಮೀಟರ್ ಪ್ರತಿ ಡಿಗ್ರಿ, ಸಾಂದ್ರತೆಯನ್ನು ಘನ ಮೀಟರಿಗೆ 2400 ಕಿಲೋಗ್ರಾಂ, ವಿಶಿಷ್ಟೋಷ್ಣವನ್ನು ಕಿಲೋಗ್ರಾಮಿಗೆ ಪ್ರತಿ ಡಿಗ್ರಿಗೆ 900 ಜೂಲ್ ಎಂದು ಇಟ್ಟುಕೊಳ್ಳೋಣ. ಮೊದಲನೆಯದನ್ನು ಉಳಿದೆರಡರ ಗುಣಲಬ್ಧದಿಂದ ಭಾಗಿಸಿದರೆ ಸೆಕೆಂಡಿಗೆ 0.00000074 ಚದರ ಮೀಟರ್ ಎಂಬ ಪ್ರಸರಣ ಗುಣಾಂಕ ಸಿಗುತ್ತದೆ. ಗಣಕವನ್ನು ತೆರೆಯುವ ಮುನ್ನವೇ ಈ ಅಂಕಿ ಒಂದು ಸುಳಿವು ಕೊಡುತ್ತದೆ: ದಪ್ಪದ ವರ್ಗವನ್ನು ಇದರಿಂದ ಭಾಗಿಸಿದರೆ ಸುಮಾರು 8 ಗಂಟೆ ಬರುತ್ತದೆ. ಶಾಖ ದಾಟಲು ಬೇಕಾದ ಕಾಲ ನಿಮಿಷಗಳದ್ದೂ ಅಲ್ಲ, ದಿನಗಳದ್ದೂ ಅಲ್ಲ, ಕೆಲವು ಗಂಟೆಗಳದ್ದು ಎಂಬುದು ಇದರಿಂದ ತಿಳಿಯುತ್ತದೆ. ಮುಂದೆ ಸಿಮ್ಯುಲೇಶನ್ ಹತ್ತು ನಿಮಿಷ ಎಂದೋ ಮೂರು ದಿನ ಎಂದೋ ಹೇಳಿದರೆ ನಂಬಬೇಕಾಗಿಲ್ಲ.

ಈಗ ಸ್ಲ್ಯಾಬನ್ನು 1 ಸೆಂಟಿಮೀಟರ್ ದಪ್ಪದ 15 ಪದರಗಳಾಗಿ ಸೀಳಿ, ಪದರಗಳ ಅಂಚುಗಳಲ್ಲಿ ಒಟ್ಟು 16 ಬಿಂದುಗಳನ್ನು ಗುರುತಿಸಿ. ಎಕ್ಸೆಲ್‌ನಲ್ಲಾದರೆ ಪ್ರತಿ ಬಿಂದುವಿಗೆ ಒಂದು ಕಾಲಂ, ಪ್ರತಿ ಕಾಲಹೆಜ್ಜೆಗೆ (ಒಂದು ಲೆಕ್ಕದಿಂದ ಮುಂದಿನದಕ್ಕೆ ಸರಿಯುವ ಅವಧಿಗೆ) ಒಂದು ಸಾಲು. ಒಳಗಿನ ಬಿಂದುಗಳಿಗೆ ಸೂತ್ರ ಹೀಗಿದೆ:

ಹೊಸ ತಾಪಮಾನ = ಹಳೆಯದು + ರ × (ಮೇಲಿನ ಬಿಂದು + ಕೆಳಗಿನ ಬಿಂದು − 2 × ಹಳೆಯದು)

ಬಲಭಾಗದಲ್ಲಿರುವುದೆಲ್ಲ ಹಿಂದಿನ ಸಾಲಿನ ಅಂಕಿಗಳು. ‘ರ’ ಎಂದರೆ ಪ್ರಸರಣ ಗುಣಾಂಕವನ್ನು ಕಾಲಹೆಜ್ಜೆಯಿಂದ ಗುಣಿಸಿ, ಪದರದ ದಪ್ಪದ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆ. ಹೊರಮೈ ಮತ್ತು ಒಳಮೈಯ ಬಿಂದುಗಳ ಪಾಲಿಗೆ ಅರ್ಧ ಪದರ ಮಾತ್ರ ಬರುವುದರಿಂದ ಅಲ್ಲಿ ಸೂತ್ರ ಬದಲಾಗುತ್ತದೆ:

ಹೊಸ ತಾಪಮಾನ = ಹಳೆಯದು + 2 × ರ × [(ನೆರೆಯ ಬಿಂದು − ಹಳೆಯದು) + ಬ × (ಗಾಳಿಯ ತಾಪಮಾನ − ಹಳೆಯದು)]

ಇಲ್ಲಿ ‘ಬ’ ಎಂದರೆ ಮೇಲ್ಮೈಯಿಂದ ಗಾಳಿಗೆ ಶಾಖ ಸಾಗುವ ಗುಣಾಂಕವನ್ನು ಪದರದ ದಪ್ಪದಿಂದ ಗುಣಿಸಿ ಉಷ್ಣವಾಹಕತೆಯಿಂದ ಭಾಗಿಸಿದ ಸಂಖ್ಯೆ. ಆ ಗುಣಾಂಕ ಹೊರಗೆ ಸುಮಾರು 20, ಒಳಗೆ ಸುಮಾರು 6 ವ್ಯಾಟ್ ಪ್ರತಿ ಚದರ ಮೀಟರ್ ಪ್ರತಿ ಡಿಗ್ರಿ ಎಂದು ಹಿಡಿದರೆ ‘ಬ’ ಕ್ರಮವಾಗಿ 0.125 ಮತ್ತು 0.0375 ಆಗುತ್ತದೆ. ಹೊರಮೈಗೆ ಬರೀ ಗಾಳಿಯ ತಾಪಮಾನ ಸಾಲದು, ಬಿಸಿಲೂ ಸೇರಬೇಕು. ಬಿಸಿಲಿನ ತೀವ್ರತೆಯನ್ನು ಮೇಲ್ಮೈಯ ಹೀರಿಕೆಯ ಪ್ರಮಾಣದಿಂದ ಗುಣಿಸಿ, 20ರಿಂದ ಭಾಗಿಸಿ ಗಾಳಿಯ ತಾಪಮಾನಕ್ಕೆ ಕೂಡಿಸಿ, ಆಕಾಶಕ್ಕೆ ಹೊಮ್ಮುವ ವಿಕಿರಣದ ಲೆಕ್ಕದಲ್ಲಿ 3 ಡಿಗ್ರಿ ಕಳೆಯಿರಿ. ಬರಿ ಕಾಂಕ್ರೀಟಿನ ಹೀರಿಕೆ 0.65, ನಡುಹಗಲ ಬಿಸಿಲು ಚದರ ಮೀಟರಿಗೆ 900 ವ್ಯಾಟ್ ಎಂದಾದರೆ ತಾರಸಿ ಎದುರಿಸುವ ಈ ಪರಿಣಾಮಕಾರಿ ತಾಪಮಾನ 60 ಡಿಗ್ರಿಯನ್ನು ದಾಟುತ್ತದೆ. ಬಿಸಿಲಿಗೆ ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ ಏರಿ ಇಳಿಯುವ ಅರ್ಧ ಸೈನ್ ಅಲೆಯನ್ನು ಬಳಸಬಹುದು. ಕೋಣೆಯ ಗಾಳಿಯನ್ನು ಸದ್ಯಕ್ಕೆ ಸ್ಥಿರವೆಂದೇ ಇಡಿ.

ಕಾಲಹೆಜ್ಜೆಯ ಆಯ್ಕೆಯಲ್ಲಿ ಹೊಸಬರು ಎಡವುವುದು ಹೆಚ್ಚು. ಒಳಗಿನ ಬಿಂದುಗಳಿಗೆ ‘ರ’ 0.5ನ್ನು ಮೀರಬಾರದು, ಮೇಲ್ಮೈ ಬಿಂದುವಿಗೆ ‘ರ’ವನ್ನು (1 + ಬ) ದಿಂದ ಗುಣಿಸಿದರೂ 0.5ನ್ನು ಮೀರಬಾರದು. ನಮ್ಮ ಅಂಕಿಗಳಿಗೆ ಮೊದಲ ಷರತ್ತು ಸುಮಾರು 67 ಸೆಕೆಂಡಿನ ಮಿತಿ ಹಾಕುತ್ತದೆ, ಎರಡನೆಯದು ಅದನ್ನು ಸುಮಾರು 60ಕ್ಕೆ ಇಳಿಸುತ್ತದೆ. ಆದ್ದರಿಂದ 30 ಸೆಕೆಂಡ್ ಇಟ್ಟುಕೊಂಡರೆ ಕ್ಷೇಮ. ಒಂದು ದಿನಕ್ಕೆ 2880 ಸಾಲುಗಳಾಗುತ್ತವೆ. ಒಮ್ಮೆ ಬೇಕೆಂದೇ 120 ಸೆಕೆಂಡ್ ಇಟ್ಟು ನೋಡಿ: ಒಂದು ಬಿಂದು ಏರಿದರೆ ಪಕ್ಕದ್ದು ಇಳಿದು, ಮುಂದಿನ ಸಾಲಿನಲ್ಲಿ ಅದು ತಿರುಗುಮುರುಗಾಗಿ, ಸ್ವಲ್ಪದರಲ್ಲೇ ಅಂಕಿಗಳು ಸಾವಿರಾರು ಡಿಗ್ರಿಗೆ ಹಾರುತ್ತವೆ. ಈ ಅಂಕುಡೊಂಕು ಕಾಂಕ್ರೀಟಿನ ಗುಣವಲ್ಲ, ಲೆಕ್ಕದ ವಿಧಾನದ ಗುಣ. ಇದರ ಚಹರೆಯನ್ನು ಪರಿಚಯ ಮಾಡಿಕೊಂಡರೆ ಮುಂದೆ ಬೇರೆ ಸಮಸ್ಯೆಯಲ್ಲಿ ಕಂಡಾಗ ಗುರುತು ಹಿಡಿಯಬಹುದು. ಪದರವನ್ನು ಅರ್ಧ ಸೆಂಟಿಮೀಟರಿಗೆ ಇಳಿಸಿದರೆ ಕಾಲಹೆಜ್ಜೆಯನ್ನು ಕಾಲುಭಾಗಕ್ಕೆ ಇಳಿಸಬೇಕಾಗುತ್ತದೆ. ಅದು ಭಾರವೆನಿಸಿದರೆ 1947ರಲ್ಲಿ ಜಾನ್ ಕ್ರ್ಯಾಂಕ್ ಮತ್ತು ಫಿಲಿಸ್ ನಿಕಲ್ಸನ್ ಪ್ರಕಟಿಸಿದ ವಿಧಾನವಿದೆ. ಅದರಲ್ಲಿ ಲೆಕ್ಕ ಹೀಗೆ ಸಿಡಿಯುವುದಿಲ್ಲ, ಆದರೆ ಪ್ರತಿ ಹೆಜ್ಜೆಗೂ ಸಮೀಕರಣಗಳ ಒಂದು ಗುಂಪನ್ನು ಬಿಡಿಸಬೇಕಾಗುತ್ತದೆ.

ಆರಂಭದ ತಾಪಮಾನವನ್ನು ಎಲ್ಲ ಬಿಂದುಗಳಿಗೂ 35 ಎಂದಿಟ್ಟು ಮೂರು ದಿನಗಳ ಕಾಲ ಲೆಕ್ಕ ಓಡಿಸಿ, ಕೊನೆಯ ದಿನದ ಫಲಿತಾಂಶವನ್ನು ಮಾತ್ರ ಇಟ್ಟುಕೊಳ್ಳಿ. ಅಷ್ಟರಲ್ಲಿ ಆರಂಭದ ಊಹೆಯ ಪ್ರಭಾವ ಅಳಿಸಿಹೋಗಿರುತ್ತದೆ.

ಉತ್ತರ ಬಂದ ಕೂಡಲೇ ಗ್ರಾಫ್ ಬಿಡಿಸಲು ಹೊರಡಬಾರದು, ಕೈಲೆಕ್ಕಕ್ಕೆ ಒರೆ ಹಚ್ಚಬೇಕು. ಹೊರಗಿನ ಪರಿಣಾಮಕಾರಿ ತಾಪಮಾನವನ್ನು 60ರಲ್ಲೂ ಕೋಣೆಯ ಗಾಳಿಯನ್ನು 30ರಲ್ಲೂ ಸ್ಥಿರವಾಗಿ ಹಿಡಿದು, ಅಂಕಿಗಳು ಬದಲಾಗುವುದು ನಿಲ್ಲುವ ತನಕ ಓಡಿಸಿ. ಶಾಖದ ಹರಿವಿಗೆ ಹೊರಮೈಯ ಗಾಳಿ, ಕಾಂಕ್ರೀಟು, ಒಳಮೈಯ ಗಾಳಿ ಒಡ್ಡುವ ಮೂರು ತಡೆಗಳನ್ನು ಕೂಡಿಸಿದರೆ 1/20 + 0.15/1.6 + 1/6, ಅಂದರೆ ಸುಮಾರು 0.31. ಮೂವತ್ತು ಡಿಗ್ರಿಯ ಅಂತರವನ್ನು ಅದರಿಂದ ಭಾಗಿಸಿದರೆ ಚದರ ಮೀಟರಿಗೆ 96.6 ವ್ಯಾಟ್ ಹರಿಯಬೇಕು, ಹೊರಮೈ 55.2, ಒಳಮೈ 46.1 ಡಿಗ್ರಿಯಲ್ಲಿ ನಿಲ್ಲಬೇಕು. ನಿಮ್ಮ ಅಂಕಿ ಇದಕ್ಕೆ ಹೊಂದದಿದ್ದರೆ ಸೂತ್ರದಲ್ಲಿ ಎಲ್ಲೋ ದೋಷವಿದೆ, ಹೆಚ್ಚಾಗಿ ಮೇಲ್ಮೈ ಬಿಂದುವಿನ ಆ 2ರ ಗುಣಕದಲ್ಲಿ. ಎರಡನೆಯ ಪರೀಕ್ಷೆ ಪದರಗಳದ್ದು: 15ರ ಬದಲು 30 ಪದರ ಮಾಡಿದಾಗ ಒಳಮೈಯ ಗರಿಷ್ಠ ತಾಪಮಾನ ಗಮನಾರ್ಹವಾಗಿ ಬದಲಾದರೆ ಮೊದಲ ಜಾಲ, ಅಂದರೆ ಬಿಂದುಗಳ ಹಂಚಿಕೆ, ಒರಟಾಗಿತ್ತೆಂದೇ ಅರ್ಥ.

ಒರಟು ಜಾಲದ ಬೆಲೆ ಎಷ್ಟಾಗಬಹುದೆಂಬುದಕ್ಕೆ ನಾರ್ವೆಯ ಸ್ಲೈಪ್ನರ್ ಎ ತೈಲ ವೇದಿಕೆಯ ಕಾಂಕ್ರೀಟ್ ತಳಹದಿ ಸಾಕ್ಷಿಯಾಗಿದೆ. ತಳಹದಿಯ ಟೊಳ್ಳು ಕೋಶಗಳ ಗೋಡೆಗಳು ಕೂಡುವಲ್ಲಿ ಫೈನೈಟ್ ಎಲಿಮೆಂಟ್ (ರಚನೆಯನ್ನು ಚಿಕ್ಕ ತುಂಡುಗಳಾಗಿ ಸೀಳಿ ಲೆಕ್ಕ ಹಾಕುವ ವಿಧಾನ) ಜಾಲ ಸರಿಯಾಗಿರದೆ ಅಲ್ಲಿನ ಕತ್ತರಿಸುವ ಬಲ ನಿಜಕ್ಕಿಂತ ಸುಮಾರು 47 ಶೇಕಡಾ ಕಡಿಮೆ ಬಂದಿತ್ತು. ಗೋಡೆಯ ತೆಳುವು, ಕಂಬಿಯ ಕೊರತೆ ಇವೂ ಸೇರಿ 1991ರ ಆಗಸ್ಟ್ 23ರಂದು ಸ್ಟಾವಾಂಗರ್ ಬಳಿಯ ಫಿಯೋರ್ಡಿನಲ್ಲಿ ಅದು ಮುಳುಗಿತು. ದುರಂತದ ಬಳಿಕ ನಡೆಸಿದ ಸೂಕ್ಷ್ಮ ಲೆಕ್ಕವು ಗೋಡೆ 62 ಮೀಟರ್ ಆಳದಲ್ಲಿ ಒಡೆಯುತ್ತದೆ ಎಂದಿತು. ನಿಜದಲ್ಲಿ ಒಡೆದದ್ದು 65 ಮೀಟರಿನಲ್ಲಿ. ಗಣಕಕ್ಕೆ ಸರಿಯುತ್ತರ ಸಾಧ್ಯವಿತ್ತು ಎಂಬುದೇ ಇಲ್ಲಿ ಹೆಚ್ಚು ಚುಚ್ಚುವ ಸಂಗತಿ.

ಪರೀಕ್ಷೆಗಳು ದಾಟಿದ ಮೇಲೆ ಮೂಲ ಪ್ರಶ್ನೆಗಳಿಗೆ ಬನ್ನಿ. ಒಳಮೈಯ ಗರಿಷ್ಠ ತಾಪಮಾನವು ಹೊರಗಿನ ಪರಿಣಾಮಕಾರಿ ತಾಪಮಾನ ತುದಿ ಮುಟ್ಟಿದ ಕೆಲವು ಗಂಟೆಗಳ ನಂತರ, ಸಂಜೆಯ ಕಡೆಗೆ ಬೀಳುತ್ತದೆ. ಬಿಳಿ ಬಣ್ಣಕ್ಕಾಗಿ ಹೀರಿಕೆಯನ್ನು 0.25ಕ್ಕೆ ಇಳಿಸಿ ಮತ್ತೆ ಓಡಿಸಿದರೆ ಒಳಮೈಯ ದಿನದ ಸರಾಸರಿ ಸುಮಾರು 3 ಡಿಗ್ರಿ ಇಳಿಯುತ್ತದೆ, ಗರಿಷ್ಠ ಇನ್ನೂ ಹೆಚ್ಚು ಇಳಿಯುತ್ತದೆ. ಸಮೀಕರಣ ರೇಖೀಯವಾದ್ದರಿಂದ ಆ ಸರಾಸರಿಯನ್ನು ಮೇಲಿನ ತಡೆಗಳ ಲೆಕ್ಕದಿಂದಲೇ ತಾಳೆ ನೋಡಬಹುದು.

ಕೊನೆಗೆ ನಿಜವಾದ ತಾರಸಿಯ ಒಳಮೈಯನ್ನು ಒಂದೇ ಜಾಗದಲ್ಲಿ ಗಂಟೆಗೊಮ್ಮೆ ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಅಳೆದು ಹೋಲಿಸಿ. ಅಂತರ ಬಂದರೆ ಎಲ್ಲ ಗುಣಾಂಕಗಳನ್ನೂ ಒಟ್ಟಿಗೆ ತಿರುಚಿ ರೇಖೆ ಕೂಡಿಸುವುದು ಸುಲಭ, ಆದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ಹೀರಿಕೆ, ಗಾಳಿಯ ಗುಣಾಂಕದಂತಹ ಅನಿಶ್ಚಿತ ಅಂಕಿಗಳನ್ನು ಮಾತ್ರ ಒಂದು ದಿನದ ಅಳತೆಗೆ ಹೊಂದಿಸಿ, ಇನ್ನೊಂದು ದಿನದ ಅಳತೆಯ ಮೇಲೆ ಅವನ್ನು ಮುಟ್ಟದೆ ಪರೀಕ್ಷಿಸಬೇಕು. ಸ್ಲ್ಯಾಬಿನ ಮೇಲೆ ಸುರ್ಕಿಯ (ಇಟ್ಟಿಗೆಪುಡಿ–ಸುಣ್ಣದ ಗಾರೆಯ) ಪದರವಿದ್ದರೆ ಅದಕ್ಕೆ ಬೇರೆ ಗುಣಾಂಕಗಳ ಪದರಗಳನ್ನು ಸೇರಿಸಿ, ಎರಡೂ ಕೂಡುವ ಬಿಂದುವಿನಲ್ಲಿ ಎರಡು ಬದಿಯ ಶಾಖದ ಹರಿವನ್ನು ಬೇರೆಬೇರೆಯಾಗಿ ಲೆಕ್ಕ ಹಾಕಿ ಕೂಡಿಸಬೇಕು.