ಉಪ್ಪಿನ ಪರಮಾಣುಗಳಲ್ಲಿ ಕಣಗಳನ್ನು ಎಣಿಸುವುದು ಹೇಗೆ?

ಒಂದು ಆವರ್ತ ಕೋಷ್ಟಕ, ಸ್ವಲ್ಪ ಕೂಡುವ-ಕಳೆಯುವ ಲೆಕ್ಕ. ಪರಮಾಣುವಿನೊಳಗಿನ ಕಣಗಳನ್ನು ಎಣಿಸಲು ಇಷ್ಟು ಸಾಕು. ಅಡುಗೆ ಉಪ್ಪಿನಲ್ಲಿರುವ ಸೋಡಿಯಂ ಮತ್ತು ಕ್ಲೋರಿನ್ ಎರಡನ್ನೂ ತೆಗೆದುಕೊಳ್ಳೋಣ.

ಮೊದಲು ಕೋಷ್ಟಕದಲ್ಲಿ ಸೋಡಿಯಂನ ಮನೆ ಹುಡುಕಿ. ಅಲ್ಲಿರುವ 11 ಪರಮಾಣು ಸಂಖ್ಯೆ. ಧನ ಆವೇಶದ ಪ್ರೋಟಾನ್‌ಗಳು ಅಷ್ಟಿವೆ ಎಂದರ್ಥ. ಧಾತು ಯಾವುದು ಅಂತ ತೀರ್ಮಾನಿಸುವುದು ಇದೊಂದೇ. 12 ಆಯಿತೋ, ಅದು ಸೋಡಿಯಂ ಅಲ್ಲ, ಮೆಗ್ನೀಸಿಯಂ.

ಬಿಡಿ ಪರಮಾಣುವಿಗೆ ಒಟ್ಟಾರೆ ಆವೇಶ ಇರುವುದಿಲ್ಲ. ಹಾಗಾಗಿ ಋಣ ಆವೇಶದ ಎಲೆಕ್ಟ್ರಾನ್‌ಗಳೂ 11.

ಈಗ ನ್ಯೂಟ್ರಾನ್. ಅದೇ ಮನೆಯಲ್ಲಿ 22.99 ಎಂದು ಪರಮಾಣು ತೂಕ ಇರುತ್ತದೆ. ಅದನ್ನು 23 ಅಂತ ಇಟ್ಟುಕೊಳ್ಳಿ. ಎಲೆಕ್ಟ್ರಾನಿನ ತೂಕ ಪ್ರೋಟಾನಿನ 1,836ರಲ್ಲಿ ಒಂದು ಪಾಲು ಮಾತ್ರ, ಅದನ್ನು ಬಿಟ್ಟುಬಿಡಬಹುದು. ಪ್ರೋಟಾನ್, ನ್ಯೂಟ್ರಾನ್ ಒಂದೊಂದರ ತೂಕವೂ ಸುಮಾರು 1. ಹಾಗಾದರೆ 23 ಎಂದರೆ ಪ್ರೋಟಾನ್ ಮತ್ತು ನ್ಯೂಟ್ರಾನ್ ಸೇರಿದ ಒಟ್ಟು ಸಂಖ್ಯೆ. 11 ಕಳೆದರೆ 12 ನ್ಯೂಟ್ರಾನ್. ಆವೇಶವೇ ಇಲ್ಲದ ಈ ಕಣ ಸುಲಭಕ್ಕೆ ಸಿಕ್ಕಲಿಲ್ಲ. ಥಾಮ್ಸನ್ 1897ರಲ್ಲೇ ಎಲೆಕ್ಟ್ರಾನ್ ಕಂಡುಹಿಡಿದಿದ್ದರು. ನ್ಯೂಟ್ರಾನ್ ಚಾಡ್ವಿಕ್ ಅವರ ಕೈಗೆ ಸಿಕ್ಕಿದ್ದು 1932ರಲ್ಲಿ.

ಕ್ಲೋರಿನ್‌ನಲ್ಲಿ ಸ್ವಲ್ಪ ತಲೆ ಓಡಿಸಬೇಕು. ಪ್ರೋಟಾನ್ 17, ತೂಕ 35.45. ಹದಿನೇಳು ಕಳೆದರೆ 18.45. ಅರ್ಧ ನ್ಯೂಟ್ರಾನ್ ಅಂತ ಇರುವುದಿಲ್ಲ, ಅಲ್ವಾ? ಸುಮ್ನೆ 35 ಅಂತ ಹಾಕಿ ಮುಂದೆ ಹೋಗುವವರೇ ಜಾಸ್ತಿ. ಆದರೆ ಮಜಾ ಇರುವುದು ಇಲ್ಲೇ. ಪ್ರಕೃತಿಯಲ್ಲಿ ಕ್ಲೋರಿನ್ ಎರಡು ಬಗೆ. ನಾಲ್ಕು ಪರಮಾಣುಗಳಲ್ಲಿ ಹೆಚ್ಚುಕಡಿಮೆ ಮೂರು ಕ್ಲೋರಿನ್-35, ಒಂದು ಕ್ಲೋರಿನ್-37. ಮೊದಲನೆಯದರಲ್ಲಿ ನ್ಯೂಟ್ರಾನ್ 18, ಎರಡನೆಯದರಲ್ಲಿ 20. ಇವೇ ಐಸೋಟೋಪ್‌ಗಳು. ಕೋಷ್ಟಕದಲ್ಲಿ ಕೊಟ್ಟಿರುವುದು ಇವುಗಳ ಸರಾಸರಿ. ಪ್ರಕೃತಿಯಲ್ಲಿ ಸಿಗುವ ಸೋಡಿಯಂ ಒಂದೇ ಬಗೆಯದು, ಅದಕ್ಕೇ ಅಲ್ಲಿ ಲೆಕ್ಕ ಸಲೀಸಾಗಿ ಬಂತು.

ಕೊನೆಗೆ ಚಿತ್ರ ಬರೆಯಿರಿ. ಪ್ರೋಟಾನ್, ನ್ಯೂಟ್ರಾನ್ ಎರಡೂ ಪರಮಾಣುವಿನ ನಡುವೆ ಇರುವ ನ್ಯೂಕ್ಲಿಯಸ್‌ನಲ್ಲಿ. ನಡುವೆ ಇಂಥ ನ್ಯೂಕ್ಲಿಯಸ್ ಇದೆ ಎಂದು ರುದರ್‌ಫೋರ್ಡ್ 1911ರಲ್ಲಿ ಹೇಳಿದರು. ಎಲೆಕ್ಟ್ರಾನ್‌ಗಳು ಸುತ್ತಲಿನ ಕವಚಗಳಲ್ಲಿ: ಸೋಡಿಯಂಗೆ 2, 8, 1, ಕ್ಲೋರಿನ್‌ಗೆ 2, 8, 7. ಎಲೆಕ್ಟ್ರಾನ್‌ಗಳು ನಿಜಕ್ಕೂ ಹೀಗೆ ದುಂಡಗೆ ಸುತ್ತುವುದಿಲ್ಲ, ಎಣಿಕೆಗೆ ಮಾತ್ರ ಈ ಚಿತ್ರ ಸಾಕು. ಉಪ್ಪಾಗುವಾಗ ಸೋಡಿಯಂ ತನ್ನ ಹೊರಗಿನ ಒಂದು ಎಲೆಕ್ಟ್ರಾನನ್ನು ಕ್ಲೋರಿನ್‌ಗೆ ಬಿಟ್ಟುಕೊಡುತ್ತದೆ. ಹಾಗಾಗಿ ಉಪ್ಪಿನಲ್ಲಿರುವ ಸೋಡಿಯಂಗೆ 10, ಕ್ಲೋರಿನ್‌ಗೆ 18 ಎಲೆಕ್ಟ್ರಾನ್ ಎಂದು ಬರೆಯಿರಿ. ಪ್ರೋಟಾನ್, ನ್ಯೂಟ್ರಾನ್‌ಗಳ ಲೆಕ್ಕವನ್ನು ಮುಟ್ಟಬೇಡಿ.