ಅಜವಾನದ ಡಬ್ಬಿಗೆ ಸೆಲರಿ ಬೀಜ ಸುರಿಬ್ಯಾಡ್ರಿ

ಬೆಳಗಾವಿ ಖಡೇಬಜಾರಕ್ಕ ಮಸಾಲಿ ತರಾಕ ಹೋದ ನನ್ನ ಸೊಸಿ ಒಮ್ಮೆ 'ಅಜಮೋದ' ಅಂತ ಬರೆದ ಪುಡಕಿ ತಂದ್ಲು. ಅಜವಾನ, ಅಂದ್ರ ಓಮನ ಇರಬೇಕು ಬಿಡು ಅಂತ ನಾನು ನೋಡದನ ಡಬ್ಬಿಗೆ ಸುರಿದೆ. ಸಂಜಿಮುಂದ ಮಳಿ ಹಿಡೀತು, ಮಿರ್ಚಿ ಭಜಿ ಮಾಡೂಣು ಅಂತ ಕಡ್ಲಿ ಹಿಟ್ಟಿಗೆ ದಿನದಂಗ ಅಂಗೈಯಾಗ ತಿಕ್ಕಿ ಒಂದು ಚಮಚಾ ಹಾಕಿದೆ. ಮೊದಲನೇ ಭಜಿ ಕಚ್ಚಿದ ಮೊಮ್ಮಗ "ಆಯಿ, ಏನ ಹಾಕೀದಿ? ಕಹಿ ಹತ್ತತೈತಿ" ಅಂದ. ಅದು ಸೆಲರಿ ಅನ್ನೂ ಸೊಪ್ಪಿನ ಗಿಡದ ಬೀಜ ಆಗಿತ್ತು.

ಹೆಸರು ನಂಬಬ್ಯಾಡ್ರಿ. ಬಂಗಾಲದವರು ಅಡಗಿಗೆ ಹಾಕೂ ರಾಧುನಿ ಕಾಳನ್ನೂ ಅಜಮೋದ ಅಂತನ ಮಾರತಾರ. ನಾಕು ಕಾಳು ತಿಕ್ಕಿ ಮೂಸಿ ನೋಡ್ರಿ. ಅಜವಾನಕ್ಕ ಥೈಮಾಲ್ ಅನ್ನೂ ಘಾಟು ವಾಸನಿ ಅಂಶ ಇರತೈತಿ, ಮೂಗಿಗೆ ಘಮ್ಮಂತ ಬಡೀತೈತಿ. ಸೆಲರಿ ಬೀಜ ಅದಕ್ಕಿಂತ ಸಣ್ಣದು, ಕಂದು ಬಣ್ಣ. ತಿಕ್ಕಿದ್ರ ಹಸಿ ಸೊಪ್ಪಿಂದು, ಮಳಿ ಬಿದ್ದ ಮಣ್ಣಿಂದು ಕೂಡಿದಂಥಾ ವಾಸನಿ, ಕಡೀಕ ನಾಲಿಗಿ ಮ್ಯಾಲೆ ಸಣ್ಣ ಕಹಿ. ಆ ಕಹೀನ ಹದದಾಗ ಇಟ್ರ ರುಚಿ, ಮೀರಿದ್ರ ಅಡಗಿ ಕೆಟ್ಟಂಗ.

ನಾಕು ಮಂದಿ ಅಡಗಿಗೆ ಕಾಲು ಚಮಚಾ ಸಾಕು. ಇದಕ್ಕ ಭಾಳ ಹೊಂದೂದು ಬಟಾಟಿ. ಸಾಸಿವಿ ಚಟಪಟ ಅಂದ ಮ್ಯಾಲೆ ಉರಿ ಸಣ್ಣ ಮಾಡಿ ಬೀಜ ಹಾಕ್ರಿ, ಹತ್ತು ಎಣಿಸೂದ್ರಾಗ ಉಳ್ಳಾಗಡ್ಡಿ ಹಾಕಿಬಿಡ್ರಿ. ಜೀರಗಿಯಂಗ ಕೆಂಪಗ ಹುರೀಲಿಕ್ಕೆ ನಿಂತ್ರ ಸುಟ್ಟು ಇನ್ನಷ್ಟು ಕಹಿ ಆಗತೈತಿ. ಟಮಾಟಿ ಸಾರಿಗೆ ಚಿಟಿಕಿ ಬೀಜ ಖಲಬತ್ತದಾಗ ಜಜ್ಜಿ, ಇಳಸೂದಕ್ಕ ಐದು ನಿಮಿಷ ಮೊದಲ ಹಾಕ್ರಿ. ಕ್ಯಾಬೇಜ್ ಪಚಡಿಗೆ ಮಸರು, ಹಸಿ ಉಳ್ಳಾಗಡ್ಡಿ ಜೊತಿ ಕಲಸಿ ಅರ್ಧಾ ತಾಸು ಬಿಡ್ರಿ, ಬೀಜ ಮೆತ್ತಗಾಗಿ ವಾಸನಿ ಬಿಡತೈತಿ. ಎಣಗಾಯಿಗೆ, ಶೇಂಗಾ ಹಿಂಡಿಗೆ ಮಾತ್ರ ಬ್ಯಾಡ. ಗುರೆಳ್ಳು, ಬಳ್ಳೊಳ್ಳಿ ಇರೂ ಕಡೆ ಇದು ಸುಮ್ಮನ ಜಗಳಾಡತೈತಿ. ಭಜಿ ವಿಚಾರ ಹೇಳೇ ಬಿಟ್ಟೆನಲ್ಲ.

ಒಂದು ಚಮಚಾ ಬೀಜ ಪುಡಿ ಮಾಡಿ ಎರಡು ಚಮಚಾ ಉಪ್ಪಿನಾಗ ಕಲಸಿ ಇಟ್ರ ಸೆಲರಿ ಉಪ್ಪು. ಬ್ಯಾಸಗಿಯಾಗ ಸವತಿಕಾಯಿ ಹೋಳಿಗೆ, ಕುದಿಸಿದ ತತ್ತಿಗೆ, ಮಜ್ಜಿಗಿಗೆ ನಾನು ಇದನ್ನ ಉದುರಸ್ತೀನಿ. ಬ್ಯಾರೆ ಉಪ್ಪು ಹಾಕಬ್ಯಾಡ್ರಿ ಮತ್ತ. ಬೀಜ ಇಡಿಯಾಗಿ ಗಾಜಿನ ಬಾಟಲಿಯಾಗ ಬಿಸಲು ತಾಗದಂಗ ಇಟ್ರ ಒಂದೆರಡು ವರ್ಷ ಬಾಳತೈತಿ. ಪುಡಿ ಹಂಗಲ್ಲ, ಕೆಲವು ತಿಂಗಳಿಗೆ ವಾಸನಿ ಹಾರಿ ಹೊಟ್ಟು ಉಳೀತೈತಿ, ಸ್ವಲ್ಪ ಸ್ವಲ್ಪನ ಮಾಡ್ರಿ.

ಇನ್ನೊಂದು, ಬಿತ್ತೂ ಬೀಜದ ಅಂಗಡಿಯಿಂದ ಮಾತ್ರ ತರಬ್ಯಾಡ್ರಿ. ಬಿತ್ತನಿ ಬೀಜಕ್ಕ ಔಷಧ ಹಚ್ಚಿರತಾರ, ಅದು ಹೊಟ್ಟಿಗೆ ಅಲ್ಲ. ಬಸುರಿ ಹೆಣ್ಮಕ್ಕಳು ಮದ್ದು ಅಂತ ಚಮಚಾಗಟ್ಟಲೆ ತಿನ್ನಬಾರದು. ಸೆಲರಿ ಕೆಲವರ ಮೈಗೆ ಒಗ್ಗೂದಿಲ್ಲ, ಬಾಯಿ ತುರಿಸಿದ್ರ, ಮೈ ದದ್ದೆದ್ರ ಅಲ್ಲಿಗೇ ನಿಲ್ಲಸ್ರಿ.

ಈಗ ನಮ್ಮನ್ಯಾಗ ಸೆಲರಿ ಡಬ್ಬಿ ಕೊಳ್ಳಿಗೆ ಕೆಂಪು ದಾರ ಕಟ್ಟೇವಿ. ಮೊಮ್ಮಗ ಮಾತ್ರ ಇವತ್ತಿಗೂ ಭಜಿ ಮುರದು ಮೂಸಿ ನೋಡೇ ಬಾಯಿಗೆ ಇಡತಾನ.