ಕೋಚ್ ಇಲ್ಲದ ಮಳೆಗಾಲ, ನಮ್ಮ ಥ್ರೋ-ಇನ್

ಮಂಗಳೂರಿನ ಮಳೆಗಾಲದಲ್ಲಿ ಕಾಲೇಜು ಫುಟ್‌ಬಾಲ್ ಗೆಲ್ಲಬೇಕಾದರೆ ಕಾಲಿಗಿಂತ ಕೈ ಜಾಸ್ತಿ ಬೇಕು. ಥ್ರೋ-ಇನ್ ಬೇಕು ಅಂತ ಅರ್ಥ, ಸೈಡ್ ಲೈನ್ ದಾಟಿ ಹೊರಗೆ ಹೋದ ಚೆಂಡನ್ನು ಕೈಯಲ್ಲಿ ಒಳಗೆ ಎಸೆಯುವುದು. ಅಂತರ ಕಾಲೇಜು ಕಪ್ ಈಗ ನಮ್ಮ ಆಫೀಸಿನ ಕಪಾಟಿನಲ್ಲಿ ಉಂಟು, ಹಾಗಾಗಿ ಧೈರ್ಯದಲ್ಲಿ ಹೇಳುತ್ತಿದ್ದೇನೆ. ಜುಲೈಯಲ್ಲಿ ಇದನ್ನೇ ಹೇಳಿದಾಗ ಮೈದಾನದ ಕಟ್ಟೆಯಲ್ಲಿ ಕೂರುವ ಹಳೆ ಆಟಗಾರರು, "ಎಂತ ಮಾರಾಯ, ನೀನು ಕಲಿಸುವುದು ಫುಟ್‌ಬಾಲಾ, ಹ್ಯಾಂಡ್‌ಬಾಲಾ?" ಅಂತ ನಕ್ಕಿದ್ದರು.

ನಾನು ಅಸಿಸ್ಟೆಂಟ್. ಹದಿನೈದು ವರ್ಷದ ಮೇಲಾಯಿತು. ಕೋನ್ ಇಡುವುದು, ಬಿಬ್ ಎಣಿಸುವುದು, ಉಳುಕಿದ ಕಾಲಿಗೆ ಐಸ್ ಹಿಡಿಯುವುದು, ಇಷ್ಟು ನನ್ನ ಕೆಲಸ. ಟೂರ್ನಮೆಂಟಿಗೆ ಎರಡು ತಿಂಗಳು ಉಂಟು ಅನ್ನುವಾಗ ಕೋಚ್ ಸರ್‌ಗೆ ಮೊಣಕಾಲಿನ ಲಿಗಮೆಂಟ್ ಆಪರೇಷನ್ ಆಯಿತು. ಹೊರಗಿನವರನ್ನು ಕರೆಸಲು ಕಾಲೇಜಿನಲ್ಲಿ ದುಡ್ಡಿಲ್ಲ. ದೈಹಿಕ ಶಿಕ್ಷಣ ನೋಡುವ ಪಿ.ಡಿ. ಸರ್ ನನ್ನನ್ನು ಕರೆದು, "ನೀವೇ ನೋಡಿಕೊಳ್ಳಿ, ಮರ್ಯಾದೆ ಹೋಗದಿದ್ದರೆ ಸಾಕು" ಅಂದರು. ಅವರ ನಿರೀಕ್ಷೆ ಅಷ್ಟೇ.

ಈ ಜಾಗಕ್ಕೆ ಬಂದ ಯಾವ ಅಸಿಸ್ಟೆಂಟಿಗೂ ಮೊದಲು ಎದುರಾಗುವ ತಾಪತ್ರಯಕ್ಕೂ ಆಟಕ್ಕೂ ಸಂಬಂಧ ಇಲ್ಲ. ಹುಡುಗರಿಗೆ ಕೋಚ್ ಅಂದರೆ ಸರ್, ನಾನು ಅಣ್ಣ. ಸರ್ ಬೈದರೆ ನನ್ನ ಹತ್ತಿರ ಬಂದು ಹೇಳಿಕೊಳ್ಳುತ್ತಾರೆ. ಮನೆಯ ವಿಷಯ, ಫೀಸಿನ ವಿಷಯ, ಹುಡುಗಿಯ ವಿಷಯ ಎಲ್ಲ ನನಗೆ ಗೊತ್ತು. ಈಗ ಹನ್ನೊಂದು ಮಂದಿಯನ್ನು ಆರಿಸುವವನೂ ನಾನೇ ಆದರೆ, ಬೆಂಚಿನಲ್ಲಿ ಕೂತವನು ಯಾರ ಹತ್ತಿರ ಹೋಗಬೇಕು? ಮೊದಲ ವಾರ ತಂಡ ಪೂರ್ತಿ ಮುಖ ಊದಿಸಿಕೊಂಡಿತ್ತು. ನನ್ನ ಹಳೆ ಕೆಲಸವನ್ನು ನಮ್ಮ ಸೀನಿಯರ್ ಗೋಲ್‌ಕೀಪರಿಗೆ ವಹಿಸಿದೆ. ಉಳ್ಳಾಲದ ಹುಡುಗ, ತುಳು, ಬ್ಯಾರಿ, ಮಲಯಾಳ ಮೂರೂ ಬರುತ್ತದೆ. ದೂರು ಅವನ ಹತ್ತಿರ ಹೋಗಲಿ, ನನಗೆ ಹೇಳಬೇಕಾದ್ದನ್ನು ಮಾತ್ರ ಅವನು ಹೇಳಲಿ ಅಂತ. ಬ್ಯಾಗಿನಲ್ಲಿ ಐಸ್ ಇಟ್ಟುಕೊಳ್ಳುವುದನ್ನೂ ಬಿಟ್ಟೆ. ಸಣ್ಣ ವಿಷಯ ಅನಿಸಬಹುದು, ನನ್ನ ಲೆಕ್ಕದಲ್ಲಿ ಅರ್ಧ ಕಪ್ ಅಲ್ಲೇ ಬಂತು.

ಕೋಚ್ ಸರ್ ಹಾಸಿಗೆಯಿಂದಲೇ ಫೋನ್ ಮಾಡುತ್ತಿದ್ದರು. ರಾತ್ರಿ ಎಂಟರ ಮೇಲೆ ಎಷ್ಟು ಹೊತ್ತಾದರೂ ಮಾತಾಡುವ, ಹಾಫ್ ಟೈಮಿಗೆ ಮಾತ್ರ ಬೇಡ ಸರ್ ಅಂದೆ. ಸಿಟ್ಟು ಬಂತು, ಎರಡು ದಿನ ಮಾತಿಲ್ಲ. ಆಮೇಲೆ ಒಪ್ಪಿದರು.

ಇನ್ನು ಥ್ರೋ. ಮಳೆಗಾಲದಲ್ಲಿ ನೆಹರೂ ಮೈದಾನದಲ್ಲಿ ಆಡಿದವರಿಗೆ ವಿವರಿಸಬೇಕಾಗಿಲ್ಲ: ಪಾಸ್ ಕೊಟ್ಟರೆ ಚೆಂಡು ನೀರಿನ ಹೊಂಡದಲ್ಲಿ ನಿಲ್ಲುತ್ತದೆ. ಕೋಚ್ ಸರ್‌ದು ಪಾಸಿಂಗ್ ಆಟ, ಜನವರಿಯಲ್ಲಿ ನೋಡಲು ಚಂದ. ನಾನು ನೋಡಿದ್ದು ಮೈದಾನದ ಅಗಲವನ್ನು. ನಾವು ಆಡುವ ಹೆಚ್ಚಿನ ಮೈದಾನಗಳು 55 ಮೀಟರ್ ಆಸುಪಾಸು. ಗೋಲಿನ ಅಗಲ 7.32 ಕಳೆದು ಅರ್ಧ ಮಾಡಿದರೆ, ಸೈಡ್ ಲೈನಿನಿಂದ ಹತ್ತಿರದ ಕಂಬಕ್ಕೆ 24 ಮೀಟರೂ ಇಲ್ಲ. ಅಷ್ಟು ದೂರ ಎಸೆಯುವ ಒಬ್ಬ ಸಿಕ್ಕಿದರೆ ಗೋಲಿನ ಹತ್ತಿರ ಸಿಕ್ಕ ಪ್ರತಿ ಥ್ರೋ-ಇನ್ ಒಂದು ಕಾರ್ನರ್ ಕಿಕ್ ಇದ್ದ ಹಾಗೆ. ಕಾರ್ನರಿಗಿಂತ ಒಳ್ಳೆಯದೇ, ಕೈಯಲ್ಲಿ ಗುರಿ ತಪ್ಪುವುದು ಕಡಿಮೆ. ಕಾರ್ನರಿನ ಹಾಗೆ ಇದರಲ್ಲೂ ಆಫ್‌ಸೈಡ್ ಇಲ್ಲ.

ಹೊಸತೇನಲ್ಲ ಇದು. ಇಂಗ್ಲೆಂಡಿನ ಸ್ಟೋಕ್ ಸಿಟಿಯಲ್ಲಿ 2008ರ ಸುಮಾರಿಗೆ ರೋರಿ ಡೆಲಾಪ್ ಇದರಲ್ಲೇ ದೊಡ್ಡ ದೊಡ್ಡ ತಂಡಗಳಿಗೆ ಬೆವರಿಳಿಸಿದ್ದ. ಅವನು ಹುಡುಗನಾಗಿದ್ದಾಗ ಜಾವೆಲಿನ್ ಎಸೆದವನು. ನಾನೂ ಹಾಗೇ ಹುಡುಕಿದೆ. ನಮ್ಮ ಲೆಫ್ಟ್ ಬ್ಯಾಕ್ ಹೈಸ್ಕೂಲಿನಲ್ಲಿ ಜಾವೆಲಿನ್‌ಗೆ ಜಿಲ್ಲಾ ಮಟ್ಟಕ್ಕೆ ಹೋದವನು ಅಂತ ಗೊತ್ತಿದ್ದದ್ದು ನನಗೊಬ್ಬನಿಗೇ.

ಶುರುವಿನಲ್ಲಿ ಎಲ್ಲ ಹಾಳು. ಮೂರು ಕೆ.ಜಿ. ಮೆಡಿಸಿನ್ ಬಾಲ್, ಅಂದರೆ ವ್ಯಾಯಾಮದ ಭಾರದ ಚೆಂಡು, ಎಸೆಸಿದೆ, ಇಬ್ಬರಿಗೆ ಭುಜ ನೋವು. ಒಬ್ಬ ಜಿಮ್ನಾಸ್ಟಿಕ್ಸ್ ಹುಡುಗ ಲಾಗ ಹಾಕಿ ಎಸೆಯುತ್ತೇನೆ ಅಂದ. ಎರಡೂ ಪಾದ ನೆಲದಲ್ಲಿ, ಎರಡೂ ಕೈ ತಲೆಯ ಹಿಂದಿನಿಂದ ಬಂದರೆ ನಿಯಮದಲ್ಲಿ ತಪ್ಪಿಲ್ಲ. ಕೆಸರಿನಲ್ಲಿ ಜಾರಿ ಬೆನ್ನು ಬಡಿಸಿಕೊಂಡ, ಆ ಸರ್ಕಸ್ ಅಲ್ಲಿಗೆ ಮುಗಿಯಿತು. ಮೊದಲ ಫ್ರೆಂಡ್ಲಿಯಲ್ಲಿ ನಾಲ್ಕು ಫೌಲ್ ಥ್ರೋ, ಸೊನ್ನೆ–ಮೂರು ಸೋಲು. ಅದರಲ್ಲಿ ಎರಡು ಗೋಲು ನಮ್ಮ ಥ್ರೋವನ್ನೇ ಎದುರಿನ ಕೀಪರ್ ಹಿಡಿದು ಉದ್ದಕ್ಕೆ ಒದ್ದದ್ದರಿಂದ. ಕಟ್ಟೆಯವರಿಗೆ ಹಬ್ಬ.

ಎರಡು ಕಡೆ ದುಡ್ಡು ಹಾಕಿದೆ. ಒಬ್ಬ ನಿವೃತ್ತ ರೆಫ್ರಿಯನ್ನು ಶನಿವಾರ ಬೆಳಿಗ್ಗೆ ಕರೆಸಿ ಲೈನಿನಲ್ಲಿ ನಿಲ್ಲಿಸಿದೆ. ಐನೂರು ರೂಪಾಯಿ, ಮೇಲೆ ಬನ್ಸ್, ಚಾ. ಹಿಂದಿನ ಕಾಲು ಎದ್ದಾಗೆಲ್ಲ ಸೀಟಿ ಊದಿದರು. ಎರಡೇ ಶನಿವಾರದಲ್ಲಿ ಫೌಲ್ ಥ್ರೋ ನಿಂತಿತು. ಇನ್ನೊಂದು ಚೆಂಡು. ಕಾಲೇಜು ಕೊಟ್ಟ ಎಂಟು ಸಾವಿರದಲ್ಲಿ ಹೆಚ್ಚಿನದು ಜೆರ್ಸಿಗೇ ಹೋಯಿತು. ನೀರು ಕುಡಿಯದ, ಅಚ್ಚು ಹಾಕಿದ ರಬ್ಬರ್ ಚೆಂಡು ಆರು ತಂದೆ, ಒಂದಕ್ಕೆ ಆರುನೂರರ ಹತ್ತಿರ, ಅರ್ಧ ದುಡ್ಡು ನನ್ನ ಕಿಸೆಯಿಂದ. ಹೆಂಡತಿಗೆ ಈಗಲೂ ನಾಲ್ಕು ಅಂತ ಲೆಕ್ಕ.

ಚೆಂಡಿನ ವಿಷಯ ಬಂತಲ್ಲ, ಒಂದು ಅಧಿಕಪ್ರಸಂಗ ಹೇಳುತ್ತೇನೆ. ಹಳೆಯ ಹೊಲಿಗೆ ಚೆಂಡೊಂದನ್ನು ಪ್ರಾಕ್ಟೀಸ್ ಮುಗಿದ ಮೇಲೆ ಮೀನಿನ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಿದೆ. ಆಟ ಶುರುವಾಗುವಾಗ 410ರಿಂದ 450 ಗ್ರಾಂ ಇರಬೇಕು ಅಂತ ನಿಯಮ. ನೀರು ಕುಡಿದ ಇದು 580 ಚಿಲ್ಲರೆ ತೋರಿಸಿತು. ಬಿಸಾಡಲಿಲ್ಲ. ಮೆಡಿಸಿನ್ ಬಾಲಿನ ಬದಲು ಅದರಲ್ಲೇ ಎಸೆಸಿದೆ. ಭುಜಕ್ಕೆ ಪೆಟ್ಟಿಲ್ಲ, ಆಮೇಲೆ ಮ್ಯಾಚಿನ ಚೆಂಡು ಹತ್ತಿಯ ಉಂಡೆಯ ಹಾಗೆ ಹಗುರ. ತಿಂಗಳೊಳಗೆ ಇಪ್ಪತ್ತರಲ್ಲಿ ನಿಂತಿದ್ದ ಎಸೆತ ಇಪ್ಪತ್ತಾರೋ ಇಪ್ಪತ್ತೇಳೋ ಮೀಟರಿಗೆ ಬಂತು.

ಎಸೆತ ಬಂದರೆ ಸಾಲದು, ಎತ್ತರಕ್ಕೆ ಹೋದರೆ ಕೀಪರಿಗೆ ಕ್ಯಾಚ್ ಕೊಟ್ಟ ಹಾಗೆ. ಚಪ್ಪಟೆಯಾಗಿ ಹೋಗಬೇಕು. ಹತ್ತಿರದ ಕಂಬದಲ್ಲಿ ನಮ್ಮ ಉದ್ದದ ಸೆಂಟರ್ ಬ್ಯಾಕ್ ತಲೆ ತಾಗಿಸುತ್ತಾನೆ, ಇನ್ನೊಬ್ಬ ಎದುರಿನ ಕೀಪರಿನ ಮುಂದೆ ಸುಮ್ಮನೆ ನಿಲ್ಲುತ್ತಾನೆ, ಇಬ್ಬರು ಹಿಂದಿನ ಕಂಬಕ್ಕೆ ಓಡುತ್ತಾರೆ, ಇಬ್ಬರು ಹೊರಬಂದ ಚೆಂಡಿಗೆ ಪೆನಾಲ್ಟಿ ಬಾಕ್ಸಿನ ಅಂಚಿನ ಡಿ ಹತ್ತಿರ ಕಾಯುತ್ತಾರೆ. ಎದುರಿನವರು ಚೆಂಡು ಕಸಿದು ತಿರುಗಿ ನುಗ್ಗಿದರೆ ತಡೆಯಲು ಹಿಂದೆ ಮೂವರು, ಇದರಲ್ಲಿ ರಾಜಿ ಇಲ್ಲ. ಓಟ ಯಾವಾಗ ಶುರುವಾಗಬೇಕು ಅನ್ನುವ ಸನ್ನೆ ಒಂದು ಉಂಟು, ಸುರಿಯುವ ಮಳೆಯಲ್ಲೂ ಚೆಂಡು ಒಣಗಿರುವ ಉಪಾಯ ಇನ್ನೊಂದು. ಅವೆರಡನ್ನು ಹೇಳುವುದಿಲ್ಲ. ಮುಂದಿನ ವರ್ಷ ನಿಮ್ಮ ಎದುರೇ ಆಡಲಿಕ್ಕುಂಟು ಮಾರಾಯ್ರೆ.

ಟೂರ್ನಮೆಂಟಿನಲ್ಲಿ ನಾವು ಹೊಡೆದ ಒಂಬತ್ತೋ ಹತ್ತೋ ಗೋಲಿನಲ್ಲಿ ಆರು ಥ್ರೋನಿಂದ ಬಂದದ್ದು. ಸೆಮಿಫೈನಲಿಗೆ ಬರುವಷ್ಟರಲ್ಲಿ ಎದುರಿನವರು ಚೆಂಡನ್ನು ಹೊರಗೆ ಒದೆಯಲು ಹೆದರಿ ಹೊಂಡದಲ್ಲೇ ಡ್ರಿಬಲ್ ಮಾಡಲು ಹೋಗಿ ಕಳೆದುಕೊಳ್ಳುತ್ತಿದ್ದರು. ಇದು ನಾನೂ ಎಣಿಸದ ಲಾಭ. ಫೈನಲ್ 2–1, ಗೆದ್ದ ಗೋಲು ಕೊನೆಯ ಹತ್ತು ನಿಮಿಷದಲ್ಲಿ, ಎದುರಿನ ಡಿಫೆಂಡರನ ಭುಜಕ್ಕೆ ತಾಗಿ ಒಳಗೆ. ಚಂದದ ಗೋಲು ಅಂತ ಯಾರೂ ಹೇಳಲಾರರು. ಸ್ಕೋರ್ ಶೀಟಿನಲ್ಲಿ ಚಂದಕ್ಕೆ ಕಾಲಮ್ ಇಲ್ಲ.

ಕೋಚ್ ಸರ್ ಈಗ ಕೋಲು ಹಿಡಿದು ಮೈದಾನಕ್ಕೆ ಬರುತ್ತಾರೆ. ಪಾಸಿಂಗ್ ಮತ್ತೆ ಶುರುವಾಗಿದೆ, ಗುರುವಾರದ ಥ್ರೋ ಪ್ರಾಕ್ಟೀಸನ್ನು ಮಾತ್ರ ತೆಗೆದಿಲ್ಲ, ಅದು ನನ್ನದು. ನನ್ನ ಗೌರವಧನ ಏರುತ್ತದೆ ಅಂದಿದ್ದರು, ಫೈಲ್ ಎಲ್ಲೋ ಉಂಟಂತೆ. ಲೆಫ್ಟ್ ಬ್ಯಾಕಿಗೆ ಇದು ಕೊನೆಯ ವರ್ಷ. ಕಾಲೇಜು ಸ್ಪೋರ್ಟ್ಸಿನಲ್ಲಿ ಜಾವೆಲಿನ್‌ಗೆ ಹೆಸರು ಕೊಟ್ಟ ಫಸ್ಟ್ ಇಯರ್ ಹುಡುಗರಿಬ್ಬರನ್ನು ನೋಡಿಟ್ಟಿದ್ದೇನೆ. ಒಬ್ಬನಿಗೆ ಫುಟ್‌ಬಾಲ್ ಬರುವುದೇ ಇಲ್ಲ, ಪರವಾಗಿಲ್ಲ.